ಸೀರಿಯಲ್ ಕೇಬಲ್ ಹಾಕಿದರೂ ಪರದೆ ಕಪ್ಪಗೇ ಇದೆಯಾ?

ಸಾಧನಕ್ಕೂ ಕಂಪ್ಯೂಟರಿಗೂ ಕೇಬಲ್ ಸಿಕ್ಕಿಸಿ, ಸೀರಿಯಲ್ ಪೋರ್ಟಿನ ಜೊತೆ ಮಾತಾಡುವ ಪುಟ್ಟಿ (PuTTY) ಪ್ರೋಗ್ರಾಂ ತೆರೆದು, ಎಂಟರ್ ಒತ್ತಿ ಒತ್ತಿ ಬೆರಳು ಸೋತಿದೆ, ಪರದೆ ಮಾತ್ರ ಕಪ್ಪಗೇ ಇದೆ. ಆಗ ಸುಮ್ನೆ ಸೆಟ್ಟಿಂಗ್ ಬದಲಾಯಿಸುತ್ತಾ ಕೂರಬೇಡಿ. ತೊಂದರೆ ಕಂಪ್ಯೂಟರ್ ಕಡೆಯದೋ, ಸಾಧನದ ಕಡೆಯದೋ ಅಂತ ಮೊದಲು ನೋಡಿ. ಅದಕ್ಕೆ ಒಂದು ತುಂಡು ತಂತಿ ಸಾಕು.

ಮೊದಲಿಗೆ ಪೋರ್ಟ್ ಸರಿಯಾಗಿದೆಯಾ ನೋಡಿ. ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಆದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟಿನ ಕಾಮ್ (COM) ನಂಬರ್ ಸಿಗುತ್ತದೆ, ಪುಟ್ಟಿಯಲ್ಲಿ ಅದನ್ನೇ ಕೊಡಬೇಕು. ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ಆ ನಂಬರ್ ಬದಲಾಗಬಹುದು, ನೆನಪಿರಲಿ. ಉಬುಂಟು ಆದರೆ ನಿಮ್ಮ ಯೂಸರ್ 'ಡಯಲ್‌ಔಟ್' ಗುಂಪಿನಲ್ಲಿರಬೇಕು, ಇಲ್ಲದಿದ್ದರೆ ಪೋರ್ಟ್ ತೆರೆಯಲು ಅನುಮತಿ ಸಿಗುವುದಿಲ್ಲ.

ಈಗ ತಂತಿ. ಪುಟ್ಟಿಯಲ್ಲಿ ಫ್ಲೋ ಕಂಟ್ರೋಲ್, ಅಂದ್ರೆ ಯಾವಾಗ ಕಳಿಸಬೇಕು, ಯಾವಾಗ ನಿಲ್ಲಿಸಬೇಕು ಅನ್ನುವ ಸೆಟ್ಟಿಂಗ್, 'ನನ್' (None) ಮಾಡಿ. ಕೇಬಲ್ಲಿನ ಆಚೆ ತುದಿಯನ್ನು ಸಾಧನದಿಂದ ಬಿಚ್ಚಿ, 9 ಪಿನ್ನಿನ ಕನೆಕ್ಟರ್‌ನಲ್ಲಿ 2 ಮತ್ತು 3ನೇ ಪಿನ್‌ಗಳನ್ನು ತಂತಿಯಿಂದ ಸೇರಿಸಿ, ಏನಾದರೂ ಟೈಪ್ ಮಾಡಿ. ಅಕ್ಷರ ಪರದೆ ಮೇಲೆ ಬಂತಾ? ತಂತಿ ತೆಗೆದು ಮತ್ತೆ ಟೈಪ್ ಮಾಡಿ. ಈಗಲೂ ಬಂದರೆ ಅದು ಬರೀ ಲೋಕಲ್ ಎಕೋ, ಅಂದ್ರೆ ಟೈಪ್ ಮಾಡಿದ್ದನ್ನು ಪುಟ್ಟಿಯೇ ತೋರಿಸುತ್ತಿದೆ, ಮೋಸ ಹೋಗಬೇಡಿ. ತಂತಿ ಇದ್ದಾಗ ಮಾತ್ರ ಬಂದರೆ ಕಂಪ್ಯೂಟರ್, ಡ್ರೈವರ್, ಆ ಎರಡು ತಂತಿಗಳು ಎಲ್ಲಾ ಸರಿ. ಬರಲೇ ಇಲ್ಲವಾ, ಕೇಬಲ್ ಬಿಟ್ಟು ನೇರ ಕಂಪ್ಯೂಟರ್ ಪೋರ್ಟಿನ ಪಿನ್‌ಗಳಲ್ಲೇ ಇದನ್ನು ಮಾಡಿ. ಅಲ್ಲಿ ಬಂದರೆ ಕೇಬಲ್ಲೇ ಹಾಳು.

ಆದರೆ ಕೇಬಲ್ ಸ್ಟ್ರೇಟೋ (2ನೇ ಪಿನ್ 2ಕ್ಕೇ, 3ನೇದು 3ಕ್ಕೇ) ಕ್ರಾಸೋ (2 ಮತ್ತು 3 ಅದಲುಬದಲು) ಅಂತ ಈ ಪರೀಕ್ಷೆ ಹೇಳುವುದಿಲ್ಲ, ನಾನೊಮ್ಮೆ ಅರ್ಧ ದಿನ ಕಳೆದುಕೊಂಡದ್ದು ಇಲ್ಲೇ, ಯಾಕಂದ್ರೆ ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಮಲ್ಟಿಮೀಟರ್ ಇದ್ದರೆ ಕಪ್ಪು ಮೊನೆಯನ್ನು 5ನೇ ಪಿನ್ನಿಗೆ, ಅಂದ್ರೆ ಗ್ರೌಂಡಿಗೆ ಇಟ್ಟು, ಕೆಂಪನ್ನು 2ಕ್ಕೂ 3ಕ್ಕೂ ಮುಟ್ಟಿಸಿ. ಸುಮ್ಮನಿರುವ ಆರ್‌ಎಸ್-232 (ಈ 9 ಪಿನ್ ಪೋರ್ಟಿನ ಸೀರಿಯಲ್ ಪದ್ಧತಿ) ಲೈನಿನಲ್ಲಿ ಕಳಿಸುವ ಪಿನ್ ಮೈನಸ್ ವೋಲ್ಟ್ ತೋರಿಸುತ್ತದೆ, ಸಾಮಾನ್ಯವಾಗಿ ಮೈನಸ್ 5ರಿಂದ 12ರ ಆಸುಪಾಸು. ಕೇಬಲ್ಲಿನ ತುದಿಯಲ್ಲೂ ಸಾಧನದ ಪೋರ್ಟಿನಲ್ಲೂ ಬೇರೆ ಬೇರೆಯಾಗಿ ಅಳೆಯಿರಿ. ಎರಡರಲ್ಲೂ ಒಂದೇ ನಂಬರಿನ ಪಿನ್ ಮೈನಸ್ ತೋರಿಸಿದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡುತ್ತಿದ್ದಾರೆ, ಕೇಳಿಸಿಕೊಳ್ಳುವವರೇ ಇಲ್ಲ. 2 ಮತ್ತು 3ನ್ನು ಅದಲುಬದಲು ಮಾಡುವ ನಲ್ ಮೋಡೆಮ್ ಅಡಾಪ್ಟರ್ ಒಂದು ನಡುವೆ ಹಾಕಿ.

ಏನೋ ಬರುತ್ತಿದೆ, ಆದರೆ ಅಕ್ಷರಗಳು ಚಿತ್ರವಿಚಿತ್ರ ಅಂದರೆ ಖುಷಿಪಡಿ, ಸಾಮಾನ್ಯವಾಗಿ ಬಾಡ್ ರೇಟ್, ಅಂದ್ರೆ ಕಳಿಸುವ ವೇಗ, ಮಾತ್ರ ತಪ್ಪಿರುತ್ತದೆ. 9600, ಆಮೇಲೆ 115200 ನೋಡಿ. 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಜಾಸ್ತಿ ಸಾಧನಗಳಲ್ಲಿ ಇದೇ ಇರುತ್ತದೆ.

ಓದಲು ಬರುತ್ತಿದೆ, ಟೈಪ್ ಮಾಡಿದ್ದು ಮಾತ್ರ ಹೋಗುತ್ತಿಲ್ಲವಾ? ಫ್ಲೋ ಕಂಟ್ರೋಲ್ ನೋಡಿ. ಹಾರ್ಡ್‌ವೇರ್ ಅಂತ ಇದ್ದು ಕೇಬಲ್ಲಿನಲ್ಲಿ ಮೂರೇ ತಂತಿ ಇದ್ದರೆ, ಆಚೆಯಿಂದ ಎಂದೂ ಬಾರದ ಒಪ್ಪಿಗೆಗಾಗಿ ಕಂಪ್ಯೂಟರ್ ಕಾಯುತ್ತಲೇ ಇರುತ್ತದೆ.

ಇನ್ನೊಂದು, ಸಾಧನ ಅಂದರೆ ಬರೀ ಸರ್ಕ್ಯೂಟ್ ಬೋರ್ಡ್ ಆಗಿದ್ದು ಅದರ ಸೀರಿಯಲ್ ಪಿನ್‌ಗಳು 3.3 ವೋಲ್ಟಿನವಾಗಿದ್ದರೆ ಈ 9 ಪಿನ್ ಕೇಬಲ್ ನೇರವಾಗಿ ಹಾಕಲೇಬೇಡಿ, ಚಿಪ್ ಸುಟ್ಟು ಹೋಗಬಹುದು. ಅದಕ್ಕೆ 3.3 ವೋಲ್ಟಿನ ಟಿಟಿಎಲ್ (ಕಡಿಮೆ ವೋಲ್ಟಿನ ಸೀರಿಯಲ್) ಕನ್ವರ್ಟರೇ ಬೇಕು.