ಕೇದಾರಕಂಠದ ಚಳಿಗೆ ಹಗುರವಾದ ಹಾಸಿಗೆ

ಡಿಸೆಂಬರ್, ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಸ್ವಂತ ಡೇರೆ ಹೊತ್ತು ಚಾರಣ ಹೊರಡುವವರು ಸ್ಲೀಪಿಂಗ್ ಬ್ಯಾಗಿಗೆ ದುಡ್ಡು ಸುರಿಯುವ ಮೊದಲು ಕೆಳಗೆ ಹಾಸುವ ಮ್ಯಾಟ್ ಕಡೆ ಗಮನ ಕೊಡಿ. ಮೈಭಾರಕ್ಕೆ ಬ್ಯಾಗಿನ ತಳ ಅಪ್ಪಚ್ಚಿಯಾಗುತ್ತದೆ. ಒಳಗಿನ ಗಾಳಿ ಹೋದರೆ ಬೆಚ್ಚಗಿಡುವ ಗುಣವೂ ಹೋಯಿತು. ಎಷ್ಟೇ ದುಬಾರಿ ಬ್ಯಾಗಾದರೂ ಹಿಮದ ಮೇಲೆ ಬೆನ್ನು ಕೊರೆಯುವುದು ಇದಕ್ಕೇ.

ಮೈಶಾಖ ನೆಲಕ್ಕೆ ಇಳಿಯದಂತೆ ಮ್ಯಾಟ್ ಎಷ್ಟು ತಡೆಯುತ್ತದೆ ಎಂಬುದನ್ನು ಆರ್-ವ್ಯಾಲ್ಯೂ ಎಂಬ ಅಂಕಿ ಹೇಳುತ್ತದೆ. ಹಿಮಕ್ಕೆ 5ರ ಆಸುಪಾಸು ಇರಲಿ. ಎರಡು ಮ್ಯಾಟ್‌ಗಳನ್ನು ಒಂದರ ಮೇಲೊಂದು ಹಾಸಿದರೆ ಅಂಕಿಗಳು ಕೂಡುತ್ತವೆ. ಹಾಗಾಗಿ ನನ್ನ ಮತ ಕೆಳಗೆ ಸುಮಾರು 2ರ ಫೋಮ್ ಮ್ಯಾಟ್, ಮೇಲೆ 3ರಿಂದ 4ರ ಗಾಳಿ ಮ್ಯಾಟ್ ಎಂಬ ಜೋಡಿಗೆ. ನಡುರಾತ್ರಿ ಗಾಳಿಯದು ಪಂಕ್ಚರಾದರೂ ಫೋಮ್ ಕೈಬಿಡುವುದಿಲ್ಲ. ಹಗಲಲ್ಲಿ ಹಿಮದ ಮೇಲೆ ಕೂತು ಚಹಾ ಕುಡಿಯಲೂ ಅದೇ ಆಸನ.

ಬ್ಯಾಗ್ ಕೊಳ್ಳುವಾಗ ‘ಕಂಫರ್ಟ್’, ಅಂದರೆ ಹಾಯಾಗಿ ನಿದ್ದೆ ಮಾಡಬಹುದಾದ ಉಷ್ಣಾಂಶವನ್ನಷ್ಟೇ ನಂಬಿ. ಮೈನಸ್ 10 ಡಿಗ್ರಿ ಇದ್ದರೆ ನೆಮ್ಮದಿ. ‘ಎಕ್ಸ್‌ಟ್ರೀಮ್’ ಎಂಬುದು ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯದಲ್ಲ. ತೂಕ ಇಳಿಸಬೇಕೆಂದರೆ ಡೌನ್, ಅಂದರೆ ಬಾತುಕೋಳಿಯ ನವಿರು ಪುಕ್ಕ ತುಂಬಿದ್ದೇ ಸರಿ. ಆದರೆ ಒದ್ದೆಯಾದರೆ ಅದು ಮುದ್ದೆಗಟ್ಟುತ್ತದೆ. ಚಳಿಯೆಂದು ಬ್ಯಾಗಿನೊಳಗೆ ಮುಖ ಹುದುಗಿಸಿ ಉಸಿರಾಡಬೇಡಿ, ಆ ತೇವವೆಲ್ಲ ಪುಕ್ಕಕ್ಕೇ ಸೇರುತ್ತದೆ. ಊಟಿ ಬಸ್ಸಿನಲ್ಲಿ ಹಾಕಿ ನಗೆಪಾಟಲಾದ ಮಂಕಿ ಕ್ಯಾಪ್‌ಗೆ ಇಲ್ಲಿ ನಿಜವಾದ ಕೆಲಸವಿದೆ. ಬೆಳಿಗ್ಗೆ ಬಿಸಿಲು ಬಿದ್ದೊಡನೆ ಬ್ಯಾಗನ್ನು ಒಳಹೊರಗು ಮಾಡಿ ಡೇರೆಯ ಮೇಲೆ ಹರವಿ, ಒಣಗಿದ ಮೇಲೆಯೇ ಮಡಚಿ.