ಶನಿವಾರದ ಜಪಾನಿ ಶಾಲೆ: ಎರಡನೇ ತರಗತಿಯ ಪಾಠ ಹೊಂದಿಸುವ ಬಗೆ

ಜಪಾನಿನಲ್ಲಿ ಎರಡನೇ ತರಗತಿಯ ಮಗುವಿಗೆ ವರ್ಷಕ್ಕೆ 315 ಪೀರಿಯಡ್ ಭಾಷಾಪಾಠ. ಒಂದೊಂದು ಪೀರಿಯಡ್ 45 ನಿಮಿಷದ್ದು. ಹೊರದೇಶದಲ್ಲಿರುವ ಜಪಾನಿ ಮಕ್ಕಳ ಶನಿವಾರದ ಶಾಲೆಗೆ, ಅಂದರೆ ಹೊಶೂಕೋಗೆ, ಸಿಗುವುದೇ ಸುಮಾರು 40 ಶನಿವಾರ. ದಿನಕ್ಕೆ ಎರಡು ಪೀರಿಯಡ್ ಭಾಷೆಗೇ ಇಟ್ಟರೂ 80. ಪುಸ್ತಕ ಮಾತ್ರ ಜಪಾನಿನಲ್ಲಿ ಓದುವಂಥದ್ದೇ, ಅಲ್ಲಿನ ಸರ್ಕಾರ ಉಚಿತವಾಗಿ ಕೊಡುವಂಥದ್ದು. ಎಲ್ಲವನ್ನೂ ಮುಗಿಸುತ್ತೇನೆಂದು ಹೊರಟರೆ ಮಕ್ಕಳಿಗೆ ಯಾವುದೂ ದಕ್ಕುವುದಿಲ್ಲ.

ಹಾಗಾಗಿ ಏಪ್ರಿಲ್‌ನಲ್ಲಿ ವರ್ಷ ಶುರುವಾಗುವ ಮೊದಲೇ ಪುಸ್ತಕವನ್ನು ಎರಡು ಪಾಲು ಮಾಡುತ್ತೇನೆ. ಮಕ್ಕಳು ಒಟ್ಟಿಗೆ ಕೂತಾಗ ಮಾತ್ರ ಆಗುವ ಕೆಲಸ ಶನಿವಾರಕ್ಕೆ: ಕತೆಯ ಬಗ್ಗೆ ಮಾತುಕತೆ, ಪಾತ್ರ ಹಂಚಿಕೊಂಡು ಓದುವುದು, ತಾನು ಬರೆದದ್ದನ್ನು ಪಕ್ಕದವರಿಗೆ ಓದಿ ಹೇಳುವುದು. ಒಬ್ಬರೇ ಕೂತು ಮಾಡಬಹುದಾದದ್ದು ಮನೆಗೆ.

ಮನೆಯ ಪಾಲಿನಲ್ಲಿ ದೊಡ್ಡದು ಕಾಂಜಿ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಅಕ್ಷರಗಳು. ಎರಡನೇ ತರಗತಿಗೆ 160 ಅಕ್ಷರ. 40ರಿಂದ ಭಾಗಿಸಿ ವಾರಕ್ಕೆ ನಾಲ್ಕು ಎಂದು ಹಾಕಬೇಡಿ. ಮೊದಲ ತರಗತಿಯ 80 ಅಕ್ಷರಗಳನ್ನು ಮತ್ತೊಮ್ಮೆ ತಿರುವಿ ಹಾಕಬೇಕು, ಬೇಸಿಗೆ ರಜೆಯಲ್ಲಿ ಮರೆತದ್ದನ್ನು ಎಬ್ಬಿಸಬೇಕು, ಕ್ರೀಡಾದಿನವೂ ಒಂದು ಶನಿವಾರ ನುಂಗುತ್ತದೆ. 32 ವಾರ, ವಾರಕ್ಕೆ ಐದು ಎಂದಿಟ್ಟರೆ ಲೆಕ್ಕ ಸರಿಹೋಗುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು, ಶನಿವಾರ ಬೆಳಿಗ್ಗೆ ಮೊದಲ ಹತ್ತು ನಿಮಿಷ ಪರೀಕ್ಷೆ.

ಒಂದು ಅಕ್ಷರವನ್ನು ಐದು ಸಲ ಬರೆದು ಒಂದು ವಾಕ್ಯದಲ್ಲಿ ಬಳಸಿದರೆ ಸಾಕು. ಇಪ್ಪತ್ತು ಸಲ ಬರೆಯಿರಿ ಎಂದರೆ ಮಕ್ಕಳು ಎಡಭಾಗವನ್ನು ಇಪ್ಪತ್ತೂ ಚೌಕಗಳಲ್ಲಿ ಸಾಲಾಗಿ ಇಳಿಸಿ, ಆಮೇಲೆ ಬಲಭಾಗ ತುಂಬುತ್ತಾರೆ. ಪುಟ ತುಂಬುತ್ತದೆ, ಅಕ್ಷರ ಕೈಗೆ ಕೂರುವುದಿಲ್ಲ. ವಾರದ ಹೆಸರುಗಳಲ್ಲೆಲ್ಲ ಬರುವ ‘ಯೋ’ ಕಾಂಜಿಯನ್ನೇ ನೋಡಿ, 18 ಗೆರೆ. ಒಟ್ಟಾಗಿ ತೋರಿಸಿದರೆ ಮಗು ಕಂಗಾಲು. ಬಿಡಿಸಿ ತೋರಿಸಬೇಕು: ಎಡಕ್ಕೆ ‘ಸೂರ್ಯ’ ಎಂಬ ಅಕ್ಷರ, 4 ಗೆರೆ, ಬಲಮೇಲೆ ಕತಕಾನದ (ಉಚ್ಚಾರಣೆಯನ್ನಷ್ಟೇ ಬರೆಯುವ ಸರಳ ಲಿಪಿ) ‘ಯೋ’ ಎರಡು, ಮೂರು ಮೂರು ಗೆರೆ, ಕೆಳಗೆ ಗಿಡ್ಡ ಬಾಲದ ಹಕ್ಕಿ, 8 ಗೆರೆ. ಮೊದಲೆರಡು ಭಾಗ ಆಗಲೇ ಗೊತ್ತಿರುವಂಥವು. ತಪ್ಪುವುದು ಹಕ್ಕಿಯಲ್ಲಿ, ನಾಲ್ಕು ಅಡ್ಡಗೆರೆಗಳಲ್ಲಿ ಒಂದು ಬಿಟ್ಟುಹೋಗುತ್ತದೆ. ಅಷ್ಟನ್ನು ಮಾತ್ರ ಬಣ್ಣದ ಸೀಮೆಸುಣ್ಣದಲ್ಲಿ ಎಣಿಸುತ್ತಾ ಬರೆಯಿರಿ.

ಮನೆಯಲ್ಲಿ ದಿನಾ ಗಟ್ಟಿಯಾಗಿ ಓದಿ, ಅಪ್ಪ ಅಥವಾ ಅಮ್ಮನಿಂದ ಕಾರ್ಡಿಗೆ ಗುರುತು ಹಾಕಿಸಿಕೊಳ್ಳುವ ಪದ್ಧತಿ ಇದೆ. ನಾಲ್ಕನೇ ದಿನದ ಹೊತ್ತಿಗೆ ಪಾಠ ಬಾಯಿಪಾಠವಾಗಿ, ಕಣ್ಣು ಪುಟದ ಮೇಲೇ ಇರುವುದಿಲ್ಲ. ಗುರುವಾರ, ಶುಕ್ರವಾರ ನಡುವಿನ ಪ್ಯಾರಾದಿಂದ ಶುರುಮಾಡಿಸಿ ಎಂದು ಪೋಷಕರಿಗೆ ಹೇಳಿಬಿಡಿ. ಇನ್ನೊಂದು, ‘ಹ’ ಎಂದು ಬರೆದು ‘ವ’ ಎಂದು ಓದುವ ಪ್ರತ್ಯಯ. ವಾರವಿಡೀ ಇಂಗ್ಲಿಷ್ ಶಾಲೆಯಲ್ಲಿರುವ ಮಕ್ಕಳು ಕಿವಿಗೆ ಕೇಳಿದಂತೆ ‘ವ’ ಎಂದೇ ಬರೆಯುತ್ತಾರೆ. ತಿದ್ದಿ ತಿದ್ದಿ ಹೋಗದ ತಪ್ಪು ಇದು. ದಿನಕ್ಕೊಂದು ವಾಕ್ಯ ನೋಡಿ ಬರೆಸಿದರೆ ಹೋಗುತ್ತದೆ.

ಗಣಿತ ಕಲಿಸುವ ಶಾಲೆಗಳಲ್ಲಿ ಎರಡನೇ ತರಗತಿಗೇ ಮಗ್ಗಿ. ನಮ್ಮ ‘ಎರಡೊಂದ್ಲ ಎರಡು’ ಇದ್ದಂತೆ ರಾಗವಾಗಿ ಹೇಳುವುದು, ಆದರೆ ಶುರು ಐದರಿಂದ. ಆಮೇಲೆ 2, 3, 4, ಮುಂದೆ 6ರಿಂದ 9, ಕೊನೆಗೆ 1. ಎಡವುವುದು ಏಳರಲ್ಲಿ. ಏಳು ‘ಶಿಚಿ’, ನಾಲ್ಕು ‘ಶಿ’, ವೇಗದಲ್ಲಿ ಎರಡೂ ಕಲಸಿಹೋಗುತ್ತವೆ. ಏರಿಕೆ ಬಂದ ಮೇಲೆ ಇಳಿಕೆ, ಆಮೇಲೆ ಚೀಟಿ ಎತ್ತಿ ಹೇಳಿಸುವುದು. ರಾಗದ ಆಸರೆ ಇಲ್ಲದೆ ಉತ್ತರ ಬಂದರೆ ಮಾತ್ರ ಬಂತು ಎಂದುಕೊಳ್ಳಿ.

ಬೆಂಗಳೂರು, ಚೆನ್ನೈಗಳಲ್ಲೂ ಹೊಶೂಕೋ ಇದೆ. ದೆಹಲಿ, ಮುಂಬೈಗಳಲ್ಲಿ ಪೂರ್ಣಾವಧಿ ಜಪಾನಿ ಶಾಲೆಗಳಿವೆ. ಹೊಶೂಕೋಗಳಲ್ಲಿ ಬಹಳಷ್ಟು ನಡೆಯುವುದು ಬಾಡಿಗೆಯ ತರಗತಿಗಳಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಬಾಗಿಲ ಬಳಿಯಿಂದ ಎರಡು ಫೋಟೊ, ಬೋರ್ಡಿನದ್ದೊಂದು, ಬೆಂಚುಗಳದ್ದೊಂದು. ಬೋರ್ಡಿನಲ್ಲಿ ಉಳಿದ ದಿನ ಆ ತರಗತಿ ಬಳಸುವ ಶಾಲೆಯವರು ಬರೆದಿಟ್ಟದ್ದನ್ನು ಅಳಿಸುವಂತಿಲ್ಲ, ಡೆಸ್ಕಿನೊಳಗೆ ಕೈ ಹಾಕುವಂತಿಲ್ಲ. ಸೀಮೆಸುಣ್ಣ, ಡಸ್ಟರ್, ಪೆನ್ಸಿಲ್ ಚೂಪು ಮಾಡುವುದು, ಕಸದ ಚೀಲ ಎಲ್ಲ ನಮ್ಮದೇ ಡಬ್ಬಿಯಲ್ಲಿ ಹೋಗಬೇಕು. ಕಳೆದುಹೋದ ಒಂದು ರಬ್ಬರಿನಿಂದಲೂ ಸೋಮವಾರ ದೂರು ಬರುತ್ತದೆ, ಬಾಡಿಗೆ ಕರಾರಿಗೆ ಕುತ್ತು. ಸರದಿಯ ಮೇಲೆ ಬರುವ ಪೋಷಕರಿಬ್ಬರಿಗೆ ಬಿಡುವಿನ ವೇಳೆ ತಲೆ ಎಣಿಸುವುದು ಮತ್ತು ಕೊನೆಗೆ ಫೋಟೊ ನೋಡಿ ಬೆಂಚು ಜೋಡಿಸುವುದು, ಇವೆರಡೇ ಕೆಲಸ ಕೊಡಿ. ಕೊನೆಯ ಪೀರಿಯಡ್ಡನ್ನು ಐದು ನಿಮಿಷ ಮೊದಲೇ ನಿಲ್ಲಿಸಿದರೆ ಮಕ್ಕಳೇ ಅರ್ಧ ಜೋಡಿಸಿ ಮುಗಿಸುತ್ತಾರೆ.