ಕನ್ನಡಕ ತೆಗೆಯದೆ ನೋಡಬಲ್ಲ ಐಪೀಸ್‌ಗಳನ್ನು ನಾನು ಆರಿಸಿಕೊಂಡ ಬಗೆ

ಕನ್ನಡಕದಲ್ಲಿ ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂ ತಿದ್ದುವ ಪವರ್) ಇರುವವರು ಐಪೀಸ್ (ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಮಸೂರದ ಭಾಗ) ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಮುದ್ರಿಸಿದ ಐ ರಿಲೀಫ್ (ಪೂರ್ತಿ ನೋಟ ಕಾಣಲು ಕಣ್ಣು ಐಪೀಸಿನಿಂದ ಇರಬೇಕಾದ ದೂರ) ಅಂಕಿಯನ್ನು ನೆಚ್ಚಬಾರದು, ಐಪೀಸಿನ ರಬ್ಬರ್ ಅಂಚಿನಿಂದ ತಾವೇ ಅಳೆದು ನೋಡಬೇಕು ಎಂದು ನಾನು ಹೇಳತೊಡಗಿದಾಗ ಜೊತೆಯಲ್ಲಿ ಆಕಾಶ ನೋಡುವವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಕನ್ನಡಕ ತೆಗೆದು ಫೋಕಸ್ ತಿರುಗಿಸಿದರೆ ಸಾಕು ಎಂದು ಕೆಲವರು ವಾದಿಸಿದರು. ದುಬಾರಿ ಐಪೀಸ್ ಕೊಂಡರೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ ಎಂದು ಇನ್ನು ಕೆಲವರು. ಈಗ ನನ್ನ ಬಳಿ ಇರುವುದು ಮೂರು ಐಪೀಸ್ ಮತ್ತು ಒಂದು ಬಾರ್ಲೋ (ಐಪೀಸಿನ ವರ್ಧನೆಯನ್ನು ಹೆಚ್ಚಿಸುವ ಮಸೂರ) ಮಾತ್ರ, ಅವುಗಳಲ್ಲಿ ಎರಡು ಐಪೀಸ್‌ಗಳಲ್ಲಿ ನೋಟದ ಅಂಚಿನವರೆಗೂ ಕನ್ನಡಕದೊಂದಿಗೇ ಕಾಣುತ್ತದೆ, ಮೂರನೆಯದಕ್ಕೆ ಕನ್ನಡಕವೇ ಬೇಡ. ಅದನ್ನು ಕಂಡ ಮೇಲೆ ಆಕ್ಷೇಪಿಸಿದವರಲ್ಲೇ ಒಂದಿಬ್ಬರು ನನ್ನ ಕ್ರಮದಲ್ಲಿ ಅಳೆದು ಕೊಂಡಿದ್ದಾರೆ.

ನನ್ನ ದೂರದರ್ಶಕ 200 ಮಿ.ಮೀ. ಕನ್ನಡಿಯ, ಎಫ್/6 ಡಾಬ್ಸೋನಿಯನ್ (ಸರಳ ಪೀಠದ ಮೇಲೆ ತಿರುಗುವ ಕನ್ನಡಿ ದೂರದರ್ಶಕ). ಸಂಗಮದೂರ (ಫೋಕಲ್ ಲೆಂತ್) ಕನ್ನಡಿಯ ಅಗಲದ ಆರು ಪಟ್ಟು, 1200 ಮಿ.ಮೀ. ನೋಡುವ ಕಣ್ಣು ಬಲಗಣ್ಣು. ಅದಕ್ಕೆ ಮೈನಸ್ 3ರ ಆಸುಪಾಸಿನ ಪವರ್ ಇದೆ, ಜೊತೆಗೆ ಸಿಲಿಂಡರ್ 1.75. ಮೈನಸ್ ಪವರನ್ನು ಫೋಕಸರ್ ಸರಿದೂಗಿಸುತ್ತದೆ, ಸಿಲಿಂಡರನ್ನು ಸರಿದೂಗಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಅದು ಎಷ್ಟರಮಟ್ಟಿಗೆ ಕಾಡುತ್ತದೆ ಎಂಬ ಲೆಕ್ಕವನ್ನು ಬಹಳ ಮಂದಿ ಮಾಡಿ ನೋಡುವುದಿಲ್ಲ. 30 ಮಿ.ಮೀ. ಸಂಗಮದೂರದ ಐಪೀಸ್ ಹಾಕಿದರೆ ನನ್ನ ದೂರದರ್ಶಕದಲ್ಲಿ ಎಕ್ಸಿಟ್ ಪ್ಯೂಪಿಲ್, ಎಂದರೆ ಐಪೀಸಿನಿಂದ ಹೊರಬರುವ ಬೆಳಕಿನ ಕಟ್ಟಿನ ಅಗಲ, 5 ಮಿ.ಮೀ. ಆಗುತ್ತದೆ. ಆ ಅಗಲದಲ್ಲಿ, ಫೋಕಸ್ ಎಷ್ಟೇ ಚೆನ್ನಾಗಿದ್ದರೂ, ಕನ್ನಡಕವಿಲ್ಲದ ನನ್ನ ಕಣ್ಣಿಗೆ ನಕ್ಷತ್ರವೊಂದು ಸುಮಾರು ಕಾಲು ಡಿಗ್ರಿಯಷ್ಟು ಹರಡಿಕೊಳ್ಳುತ್ತದೆ, ಎಂದರೆ ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನ ಅಗಲದ ಅರ್ಧ. ಅದೇ ಕಣ್ಣಿಗೆ 6 ಮಿ.ಮೀ. ಐಪೀಸಿನಲ್ಲಿ ಎಕ್ಸಿಟ್ ಪ್ಯೂಪಿಲ್ 1 ಮಿ.ಮೀ.ಗೆ ಇಳಿಯುವುದರಿಂದ ದೋಷವೂ ಐದರಲ್ಲಿ ಒಂದು ಪಾಲಾಗಿ, ಬೆಳಕಿನ ವಿವರ್ತನೆಯಿಂದ ಹೇಗಿದ್ದರೂ ಆಗುವ ಹರಡುವಿಕೆಯೊಳಗೆ ಅಡಗಿಬಿಡುತ್ತದೆ. ಕನ್ನಡಕ ತೆಗೆದು ನೋಡಿ ಎಂದವರು ಗುರು, ಶನಿಗಳನ್ನು ಹೆಚ್ಚು ವರ್ಧನೆಯಲ್ಲಿ ನೋಡುವವರಾಗಿದ್ದರು. ಅವರ ಮಟ್ಟಿಗೆ ಅವರ ಮಾತು ಸರಿಯೇ. ನಾನು ಹೆಚ್ಚಾಗಿ ನೋಡುವುದು ತಾರಾಗುಚ್ಛಗಳನ್ನು ಮತ್ತು ಅಗಲವಾದ ನೀಹಾರಿಕೆಗಳನ್ನು.

ಮೊದಲು ಕೈಗೆ ಬಂದದ್ದು ಪ್ಲೋಸೆಲ್ ಎಂಬ ಸಾಮಾನ್ಯ ವಿನ್ಯಾಸದ ಐಪೀಸ್‌ಗಳ ಗುಂಪು: 32, 25, 15 ಮತ್ತು 10 ಮಿ.ಮೀ. ಪ್ಲೋಸೆಲ್ ವಿನ್ಯಾಸದಲ್ಲಿ ಐ ರಿಲೀಫ್ ಸಂಗಮದೂರದ ಶೇಕಡಾ 70ರ ಆಸುಪಾಸಿನಲ್ಲಿರುತ್ತದೆ, ಹಾಗಾಗಿ 32 ಮಾತ್ರ ಕನ್ನಡಕಕ್ಕೆ ಒಗ್ಗಿತು. 25ರಲ್ಲಿ ಅಂಚು ಕತ್ತರಿಸಿಹೋಗುತ್ತಿತ್ತು. 15ರಲ್ಲಿ, ಐಪೀಸಿನೊಳಗೆ ಕಣ್ಣಿಗೆ ಕಾಣಬೇಕಾದ 50 ಡಿಗ್ರಿ ಅಗಲದ ನೋಟದಲ್ಲಿ ನನಗೆ ಸಿಕ್ಕದ್ದು 30ರಷ್ಟು ಇರಬಹುದು. 10ರಲ್ಲಿ ಕನ್ನಡಕ ಹಾಕಿ ನೋಡುವುದು ಬೀಗದ ಕಿಂಡಿಯಿಂದ ಇಣುಕಿದಂತೆ. ಇವೆಲ್ಲ ಸೇರಿ ದೂರದರ್ಶಕದ ಬೆಲೆಯ ಆರನೇ ಒಂದು ಭಾಗ ಆಗಿದ್ದಿರಬಹುದು. ಅವನ್ನು ಮಾರಿದಾಗ ಅದರಲ್ಲಿ ಅರ್ಧ ಮರಳಿ ಬಂತು.

ಮುಂದಿನ ಪ್ರಯತ್ನಕ್ಕೆ ಹೆಚ್ಚು ಹಣ ಬೇಕಾಯಿತು. 82 ಡಿಗ್ರಿ ನೋಟದ ಒಂದು ಐಪೀಸನ್ನು, ಐ ರಿಲೀಫ್ 17 ಮಿ.ಮೀ. ಎಂಬ ಜಾಹೀರಾತಿನ ಮಾತಿನ ಮೇಲೆ, ದೂರದರ್ಶಕದ ಬೆಲೆಯ ಸುಮಾರು ಮೂರನೇ ಒಂದು ಭಾಗ ಕೊಟ್ಟು ತರಿಸಿದೆ. ಗಾಜು ಉತ್ತಮವಾಗಿತ್ತು, ಬಿಂಬವೂ ಹರಿತವಾಗಿತ್ತು. ಆದರೆ ಕಣ್ಣಿನ ಕಡೆಯ ಗಾಜು ಲೋಹದ ಅಂಚಿನಿಂದ ಐದಾರು ಮಿ.ಮೀ. ಒಳಗೆ ಕುಳಿತಿತ್ತು, ರಬ್ಬರನ್ನು ಪೂರ್ತಿ ಮಡಚಿದರೂ ಅಂಚಿನಿಂದಾಚೆಗೆ ನನಗೆ ಉಳಿದದ್ದು 11 ಮಿ.ಮೀ. ತಯಾರಕರು ಕೊಡುವ ಅಂಕಿಯನ್ನು ಕೊನೆಯ ಗಾಜಿನ ಮೇಲ್ಮೈಯಿಂದ ಅಳೆದಿರುತ್ತಾರೆ, ಕನ್ನಡಕವಾದರೋ ಅಂಚಿಗೆ ಬಂದು ತಗಲುತ್ತದೆ. ಎಲ್ಲರ ಅಂಕಿಯೂ ಹೀಗೆ ದಾರಿ ತಪ್ಪಿಸುತ್ತದೆ ಎಂದು ಹೇಳಲಾರೆ: ನಾಗ್ಲರ್ ಟೈಪ್ 6 ಎಂಬ ಐಪೀಸ್ ಸರಣಿಯ ಐ ರಿಲೀಫ್ 12 ಮಿ.ಮೀ. ಎಂದು ಅದನ್ನು ತಯಾರಿಸುವ ಟೆಲಿವ್ಯೂ ಕಂಪನಿಯೇ ನೇರವಾಗಿ ಬರೆದಿದೆ, ಹಾಗಿರುವಾಗ ಕನ್ನಡಕದವರು ಅದರ ತಂಟೆಗೆ ಹೋಗಬೇಕಾಗಿಲ್ಲ.

ಅಳೆಯುವ ಕ್ರಮವನ್ನು ಇಲ್ಲಿಂದಲೇ ಹಿಡಿದೆ. ಹಗಲಿನಲ್ಲಿ, ಸೂರ್ಯನಿಗೆ ಪೂರ್ತಿ ಬೆನ್ನು ಮಾಡಿ, ದೂರದರ್ಶಕವನ್ನು ಬೆಳಕು ಬಿದ್ದ ಬಿಳಿ ಗೋಡೆಯ ಕಡೆಗೆ ತಿರುಗಿಸಿ ಐಪೀಸ್ ಹಾಕುತ್ತೇನೆ. ಟ್ರೇಸಿಂಗ್ ಕಾಗದದ ಒಂದು ಚೂರನ್ನು ಐಪೀಸಿನ ಮೇಲೆ ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸುತ್ತಾ ಹೋದರೆ ಅದರ ಮೇಲೆ ಬೀಳುವ ಬೆಳಕಿನ ವೃತ್ತ ಕಿರಿದಾಗುತ್ತಾ ಬಂದು, ಒಂದು ಜಾಗದಲ್ಲಿ ಅಂಚು ಚೊಕ್ಕವಾಗಿ, ನಡುವೆ ದೂರದರ್ಶಕದೊಳಗಿನ ಕಿರುಗನ್ನಡಿಯ ಕಪ್ಪು ನೆರಳಿನೊಂದಿಗೆ ಸ್ಪಷ್ಟವಾಗಿ ನಿಲ್ಲುತ್ತದೆ. ಅಲ್ಲಿಂದಾಚೆಗೆ ಮತ್ತೆ ಹರಡುತ್ತದೆ. ಆ ಚೊಕ್ಕ ವೃತ್ತವೇ ಎಕ್ಸಿಟ್ ಪ್ಯೂಪಿಲ್. ರಬ್ಬರ್ ಮಡಚಿದ ಅಂಚಿನಿಂದ ಅಲ್ಲಿಯವರೆಗಿನ ದೂರವನ್ನು ವರ್ನಿಯರ್ ಕ್ಯಾಲಿಪರಿನ ಆಳ ಅಳೆಯುವ ಕಡ್ಡಿಯಿಂದ ಅಳೆದರೆ ನಮ್ಮ ಉಪಯೋಗಕ್ಕೆ ಬರುವ ಐ ರಿಲೀಫ್ ಸಿಗುತ್ತದೆ. ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ.

ಇನ್ನು ನಮಗೆ ಎಷ್ಟು ಬೇಕು ಎಂಬ ಲೆಕ್ಕ. ಕಣ್ಣಿನ ಹೊರಮೈಯಿಂದ ಕನ್ನಡಕದ ಒಳಮೈಗೆ ಸಾಮಾನ್ಯವಾಗಿ 12ರಿಂದ 14 ಮಿ.ಮೀ. ಇರುತ್ತದೆ, ನನ್ನದು 12. ಮೈನಸ್ ಗಾಜು ನಡುವೆ ತೆಳ್ಳಗಿರುವುದರಿಂದ ಅದಕ್ಕೆ 2 ಮಿ.ಮೀ. ಸಾಕು. ಇಷ್ಟಕ್ಕೇ ನಿಲ್ಲಿಸುವವರು ಬಹಳ, ಆದರೆ ಎಕ್ಸಿಟ್ ಪ್ಯೂಪಿಲ್ ಬಂದು ಕೂರಬೇಕಾದದ್ದು ಕಣ್ಣಿನ ಹೊರಮೈಯ ಮೇಲಲ್ಲ, ಸುಮಾರು 3 ಮಿ.ಮೀ. ಒಳಗಿರುವ ಪಾಪೆಯ ಮೇಲೆ. ಎಲ್ಲ ಕೂಡಿಸಿದರೆ 17. ಹಾಗಾಗಿ ಅಂಚಿನಿಂದ 17 ಮಿ.ಮೀ.ಗಿಂತ ಕಡಿಮೆ ಇರುವ ಯಾವ ಐಪೀಸನ್ನೂ ಕಡಿಮೆ ವರ್ಧನೆಯ ಕೆಲಸಕ್ಕೆ ನಾನು ಕೊಳ್ಳುವುದಿಲ್ಲ.

ಕೊಳ್ಳುವ ಮೊದಲು ಅಳೆಯುವುದಕ್ಕೆ ಎಲ್ಲ ಸಲವೂ ಆಗುವುದಿಲ್ಲವಲ್ಲ ಎಂಬ ಪ್ರಶ್ನೆ ಬಂತು. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಕಣ್ಣಿನ ಕಡೆಯ ಗಾಜಿನ ಅಗಲವನ್ನು ನೋಡುವುದು. ಅಗಲವಾದ ನೋಟ, ಉದ್ದವಾದ ಐ ರಿಲೀಫ್ ಎರಡೂ ಬೇಕೆಂದರೆ ಆ ಗಾಜು ದೊಡ್ಡದಿರಲೇಬೇಕು, ಇದನ್ನು ಯಾವ ವಿನ್ಯಾಸವೂ ಮೀರಲಾರದು. 20 ಮಿ.ಮೀ. ಐ ರಿಲೀಫಿನೊಂದಿಗೆ 50 ಡಿಗ್ರಿ ಕಾಣಲು ಗಾಜು 19 ಮಿ.ಮೀ. ಅಗಲವಿರಬೇಕು, 62 ಡಿಗ್ರಿಗೆ 24, 68ಕ್ಕೆ 27, 82ಕ್ಕೆ ಸುಮಾರು 35. ಎಕ್ಸಿಟ್ ಪ್ಯೂಪಿಲಿನ ಅಗಲಕ್ಕಾಗಿ ಒಂದೆರಡು ಮಿ.ಮೀ. ಇದಕ್ಕೆ ಸೇರಿಸಿಕೊಳ್ಳಬೇಕು. ಮಾರುವವರು ಹಾಕಿದ ಚಿತ್ರದಲ್ಲಿ ಸಾಮಾನ್ಯ ಬ್ಯಾರೆಲಿನ (ದೂರದರ್ಶಕದೊಳಗೆ ಕೂರುವ ಕೊಳವೆಯ) ವ್ಯಾಸ 31.7 ಮಿ.ಮೀ. ಎಂಬುದು ತಿಳಿದೇ ಇರುತ್ತದೆ, ಅದರ ಜೊತೆ ಹೋಲಿಸಿ ಗಾಜಿನ ಅಗಲವನ್ನು ಅಂದಾಜು ಮಾಡಬಹುದು. 66 ಡಿಗ್ರಿ, 20 ಮಿ.ಮೀ. ಎಂದು ಬರೆದುಕೊಂಡಿದ್ದ ಒಂದು ಅಗ್ಗದ ಐಪೀಸಿನ ಗಾಜು ಚಿತ್ರದಲ್ಲಿ 20 ಮಿ.ಮೀ. ಅಗಲವೂ ಇದ್ದಂತೆ ಕಾಣಲಿಲ್ಲ. ಲೆಕ್ಕ ಹಾಕಿದರೆ ಅಲ್ಲಿ 15ಕ್ಕಿಂತ ಹೆಚ್ಚು ಸಾಧ್ಯವೇ ಇರಲಿಲ್ಲ. ಮುಂದೆ ಒಬ್ಬರು ಅದನ್ನು ಕೊಂಡು ತಂದಾಗ ಅಳೆದು ನೋಡಿದೆವು, ನನ್ನ ಅಂದಾಜಿಗೆ ಒಂದು ಮಿ.ಮೀ. ಕೂಡ ವ್ಯತ್ಯಾಸ ಬರಲಿಲ್ಲ. ಈ ಮಾತನ್ನು ಹೇಳಿಕೊಳ್ಳಲು ನನಗೆ ಸಂತೋಷವಿದೆ.

ಕೊನೆಗೆ ನಿಂತದ್ದು ಹೀಗೆ. 40 ಪಟ್ಟು ವರ್ಧನೆಗೆ ಎರಡಂಗುಲ ಬ್ಯಾರೆಲಿನ 30 ಮಿ.ಮೀ., 68 ಡಿಗ್ರಿಯದು. 68ನ್ನು 40ರಿಂದ ಭಾಗಿಸಿದರೆ ಬರುವಷ್ಟು, ಎಂದರೆ ಆಕಾಶದ 1.7 ಡಿಗ್ರಿ, ಒಳಗೊಳ್ಳುವುದರಿಂದ ಕೃತ್ತಿಕೆಯ ಪ್ರಮುಖ ತಾರೆಗಳೆಲ್ಲ ಒಂದೇ ನೋಟದಲ್ಲಿ ಕೂರುತ್ತವೆ. 90 ಪಟ್ಟಿನ ಆಸುಪಾಸಿಗೆ 62 ಡಿಗ್ರಿಯ 13 ಮಿ.ಮೀ., ನನ್ನ ಹೆಚ್ಚಿನ ಕೆಲಸ ನಡೆಯುವುದು ಇದರಲ್ಲೇ. 82 ಬಿಟ್ಟು 62ಕ್ಕೆ ಇಳಿದೆಯಲ್ಲ ಎಂದು ಕೇಳಿದವರಿದ್ದಾರೆ. ಕಣ್ಣಿಗೆ ಪೂರ್ತಿ ಸಿಗುವ 62 ಡಿಗ್ರಿ, ಅಂಚು ಕತ್ತರಿಸಿಹೋಗುವ 82ಕ್ಕಿಂತ ಮೇಲು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಹಣದ ಅನುಕೂಲ ಹೆಚ್ಚಿರುವವರು 70 ಡಿಗ್ರಿಯ ಪೆಂಟಾಕ್ಸ್ ಎಕ್ಸ್‌ಡಬ್ಲ್ಯೂ ಅಥವಾ 72 ಡಿಗ್ರಿಯ ಡೆಲೋಸ್ ನೋಡಬಹುದು. ಎರಡೂ ಸರಣಿಗಳ ಘೋಷಿತ ಐ ರಿಲೀಫ್ 20 ಮಿ.ಮೀ.

ಹಣ ಉಳಿದದ್ದು ಮೂರನೆಯದರಲ್ಲಿ. ಎಕ್ಸಿಟ್ ಪ್ಯೂಪಿಲ್ 1 ಮಿ.ಮೀ.ಗೆ ಇಳಿದಾಗ ನನ್ನ ಸಿಲಿಂಡರ್ ಕಾಡುವುದಿಲ್ಲ ಎಂದ ಮೇಲೆ ಅಲ್ಲಿ ಉದ್ದನೆಯ ಐ ರಿಲೀಫಿಗಾಗಿ ಹಣ ಸುರಿಯುವುದು ಅನಗತ್ಯ. ಆದರೆ ಆರ್ಥೋಸ್ಕೋಪಿಕ್ ಎಂಬ ವಿನ್ಯಾಸದ 6 ಮಿ.ಮೀ. ಐಪೀಸಿನಲ್ಲಿ ರೆಪ್ಪೆಗೂದಲು ಗಾಜಿಗೆ ಒರೆಸಿ ಮಬ್ಬಾಗುತ್ತದೆ. ಆದ್ದರಿಂದ 12 ಮಿ.ಮೀ. ಹಳೆಯ ಆರ್ಥೋಸ್ಕೋಪಿಕ್ ಒಂದನ್ನು ಅಗ್ಗಕ್ಕೆ ಹಿಡಿದು 2 ಪಟ್ಟಿನ ಬಾರ್ಲೋದ ಮೇಲೆ ಹಾಕುತ್ತೇನೆ. ಐ ರಿಲೀಫ್ 12ರದ್ದೇ ಉಳಿಯುತ್ತದೆ, ತುಸು ಹೆಚ್ಚೂ ಆಗುತ್ತದೆ. ಗಾಳಿ ಶಾಂತವಾಗಿದ್ದ ರಾತ್ರಿಗಳಲ್ಲಿ ಈ ಜೋಡಣೆಯಿಂದ, ಕನ್ನಡಕವಿಲ್ಲದೆ, 200 ಪಟ್ಟು ವರ್ಧನೆಯಲ್ಲಿ ಎಪ್ಸಿಲಾನ್ ಲೈರೆ ಎಂಬ ನಾಲ್ಕು ನಕ್ಷತ್ರಗಳ ಗುಂಪಿನ ಎರಡೂ ಜೋಡಿಗಳು ನಡುವೆ ಕಪ್ಪು ಗೆರೆ ಬಿಟ್ಟು ನಿಂತವು. ಇದೇ ಬಾರ್ಲೋವನ್ನು 32 ಮಿ.ಮೀ. ಪ್ಲೋಸೆಲ್ ಜೊತೆಗೂ ಪರೀಕ್ಷಿಸಿದ್ದೆ. ಅಲ್ಲಿ ಎಕ್ಸಿಟ್ ಪ್ಯೂಪಿಲ್ ತೀರ ಹಿಂದಕ್ಕೆ ಸರಿದು, ಕಣ್ಣು ಅಲುಗಿದರೆ ಸಾಕು ನೋಟ ಕಪ್ಪಾಗುತ್ತಿತ್ತು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹಳೆಯ ಕನ್ನಡಕದ ಗಾಜನ್ನು ದುಂಡಗೆ ಕತ್ತರಿಸಿ ಐಪೀಸಿನ ಮುಚ್ಚಳದಲ್ಲಿ ಕೂರಿಸಿದೆ. ಕೆಲಸ ಮಾಡಿತು, ಆದರೆ ಡಾಬ್ಸೋನಿಯನ್‌ನಲ್ಲಿ ದಿಕ್ಕು ಬದಲಾದಂತೆ ತಲೆಯ ಓರೆಯೂ ಬದಲಾಗುವುದರಿಂದ ಸಿಲಿಂಡರಿನ ಅಕ್ಷವನ್ನು ಪ್ರತಿ ಸಲವೂ ತಿರುಗಿಸಬೇಕಾಯಿತು. ಟೆಲಿವ್ಯೂ ಕಂಪನಿಯ ಡಯಾಪ್ಟ್ರಿಕ್ಸ್ ಇದೇ ತತ್ತ್ವದ ಸಿದ್ಧ ಸಾಧನ; ಒಬ್ಬರೇ ನೋಡುವವರಿಗೆ ಅನುಕೂಲ. ನಾನು ಜೊತೆಯವರೊಂದಿಗೆ ಸರದಿಯಲ್ಲಿ ನೋಡುವವನಾದ್ದರಿಂದ ಕನ್ನಡಕಕ್ಕೇ ಮರಳಿದೆ.

ಕನ್ನಡಕದ ಆಯ್ಕೆಯೂ ಐಪೀಸಿನಷ್ಟೇ ಮುಖ್ಯ. ಪ್ರೋಗ್ರೆಸಿವ್ ಗಾಜಿನಲ್ಲಿ (ಮೇಲಿಂದ ಕೆಳಕ್ಕೆ ಪವರ್ ಬದಲಾಗುವ ಗಾಜು) ನೋಟ ಸ್ವಲ್ಪ ಕೆಳಗೆ ಜಾರಿದರೂ ಫೋಕಸ್ ಕೆಡುತ್ತದೆ. ಪಾಲಿಕಾರ್ಬೊನೇಟ್ ಗಾಜಿನ ಅಬ್ಬೆ ಸಂಖ್ಯೆ (ಇದು ಕಡಿಮೆಯಾದಷ್ಟೂ ಬಣ್ಣಗಳು ಹೆಚ್ಚು ಚೆದುರುತ್ತವೆ) ಸುಮಾರು 30, ಸಾಮಾನ್ಯ ಸಿಆರ್-39 ಪ್ಲಾಸ್ಟಿಕ್ಕಿನದು 58. ಹಾಗಾಗಿ ಮೊದಲನೆಯದರಲ್ಲಿ ನೋಟದ ಅಂಚಿನ ನಕ್ಷತ್ರಗಳಿಗೆ ಬಣ್ಣದ ಬಾಲ ಬರುತ್ತದೆ, ಆಗ ಬೈಸಿಕೊಳ್ಳುವುದು ಐಪೀಸ್. ದೂರದ ಪವರ್ ಮಾತ್ರ ಇರುವ, ಸಿಆರ್-39 ಗಾಜಿನ, ಚಿಕ್ಕ ದುಂಡು ಚೌಕಟ್ಟಿನ ಕನ್ನಡಕವೊಂದನ್ನು ಆಕಾಶಕ್ಕೆಂದೇ ಮಾಡಿಸಿಟ್ಟಿದ್ದೇನೆ. ಅದಕ್ಕೆ ತಗುಲಿದ ಹಣ ನಾನು ಮಾರಿದ ಯಾವ ಐಪೀಸಿನ ನಷ್ಟಕ್ಕಿಂತಲೂ ಕಡಿಮೆ.

ಗಾಜಿಗೆ ಗೀರು ಬೀಳದಂತೆ, ಕಣ್ಣು ಪ್ರತಿ ಸಲವೂ ಅದೇ ದೂರದಲ್ಲಿ ನಿಲ್ಲುವಂತೆ, ಮಡಚಿದ ರಬ್ಬರಿನ ಮೇಲೆ ಒಂದು ಮೆತ್ತನೆಯ ಉಂಗುರ ಕೂರಿಸಿದ್ದೇನೆ. ಕನ್ನಡಕವನ್ನು ಅದಕ್ಕೆ ತಾಗಿಸಿದರೆ ನೋಟ ಕಪ್ಪಾಗುವ ಕಾಟ ಇಲ್ಲ. ಉಂಗುರದ ಎತ್ತರ ಎಂದರೆ ಅಳೆದ ಐ ರಿಲೀಫಿನಲ್ಲಿ 17 ಕಳೆದು ಉಳಿದದ್ದು, ನನ್ನ 13 ಮಿ.ಮೀ. ಐಪೀಸಿಗೆ ಅದು ಒಂದೂವರೆಯಷ್ಟಿದೆ. ಅದನ್ನು ಯಾವ ವಸ್ತುವಿನಿಂದ ಮಾಡಿದೆ, ಅಂಟಿಲ್ಲದೆ ಹೇಗೆ ನಿಲ್ಲಿಸಿದೆ ಎಂಬುದನ್ನು ಎದುರಿಗೆ ಬಂದು ಕೇಳಿದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ. 30 ಮಿ.ಮೀ. ಐಪೀಸಿಗೆ ಬೇಕಾದ ಉಂಗುರ ಇನ್ನೂ ನನ್ನ ಮನಸ್ಸಿಗೆ ಒಪ್ಪುವಂತೆ ಬಂದಿಲ್ಲ. ಆ ಅಗಲಕ್ಕೆ ಅದು ಚಳಿಯಲ್ಲಿ ಬಿಗಿದು ಒಂದು ಪಕ್ಕ ಏಳುತ್ತದೆ, ಅದರ ಕೆಲಸ ನಡೆದಿದೆ.